ಅಚ್ಚಿಗೆ ಮೊದಲು ಓದಿ ತೋರಿಸುವ ಹತ್ತೂರೆ ಸರ್

ಮನೆಯಲ್ಲಿ ಕನ್ನಡ ಮಾತಾಡಿ, ಕಚೇರಿಯಲ್ಲಿ ಮರಾಠಿ ಬರೆದು ಜೀವನ ಸಾಗಿಸಿದ ಪತ್ರಕರ್ತರ ಒಂದು ದೊಡ್ಡ ಬಳಗವೇ ಸೋಲಾಪುರ ಜಿಲ್ಲೆಯಲ್ಲಿದೆ. ಆ ಬಳಗದಲ್ಲಿ ಪ್ರಾಧ್ಯಾಪಕ ಸಾತಲಿಂಗಪ್ಪ ಹತ್ತೂರೆಯವರ ಸ್ಥಾನ ಯಾವುದೆಂದು ಯಾರಾದರೂ ಕೇಳಿದರೆ, ಜಿಲ್ಲೆಯ ಯಾವುದೇ ದೈನಿಕದ ಕಚೇರಿಗೆ ಹೋಗಿ ನೋಡಿ ಎಂದು ನಾನು ಹೇಳುತ್ತೇನೆ. ಅಲ್ಲಿ ಅವರ ಶಿಷ್ಯರೊಬ್ಬರು ಪುಟ ಕಟ್ಟುತ್ತಲೋ, ಇಲ್ಲವೇ ರಜೆ ಕೇಳಲು ಸಂಪಾದಕರ ಎದುರು ನಿಂತೋ ಇರುತ್ತಾರೆ. ಹದಿಮೂರು ವರ್ಷ ವರದಿಗಾರರಾಗಿ, ಇಪ್ಪತ್ತೈದು ವರ್ಷ ಪತ್ರಿಕೋದ್ಯಮದ ಅಧ್ಯಾಪಕರಾಗಿ ದುಡಿದು ಈ ಮೇ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ.

ಅವರ ಜನ್ಮದಿನಾಂಕ ೧೯೬೪ರ ಜೂನ್ ಒಂದು. ಅಕ್ಕಲಕೋಟ ತಾಲೂಕಿನ ಅರ್ಧ ಮಂದಿ ಜೂನ್ ಒಂದರಂದೇ ಹುಟ್ಟಿದ್ದಾರೆ. ಅದು ತಾಯಿ ಹೆತ್ತ ದಿನವಲ್ಲ, ಸಾಲಿ ಮಾಸ್ತರರು ಬರೆಸಿಕೊಂಡ ದಿನ. ನಾಲ್ಕು ಕಡೆ ವಿಚಾರಿಸದೆ ಒಂದು ತಾರೀಖನ್ನೂ ಬರೆಯಬಾರದೆಂದು ನಮ್ಮನ್ನು ಇಪ್ಪತ್ತೈದು ವರ್ಷ ಗದರಿಸಿದವರ ಸ್ವಂತ ತಾರೀಖಿಗೇ ಆಧಾರವಿಲ್ಲ ಎಂಬುದನ್ನು ಈ ಅಭಿನಂದನ ಗ್ರಂಥದಲ್ಲಿ ದಾಖಲಿಸುವುದು ನನಗೆ ಸಂತೋಷದ ಕೆಲಸ.

ಅಕ್ಕಲಕೋಟದ ಹತ್ತಿರದ ಹಳ್ಳಿಯೊಂದರಲ್ಲಿ ಹೊಲಮನೆಯುಳ್ಳ ಕುಟುಂಬದಲ್ಲಿ ಹುಟ್ಟಿ, ಏಳನೆಯ ಇಯತ್ತೆಯವರೆಗೆ ಕನ್ನಡ ಸಾಲಿಯಲ್ಲೂ ಮುಂದೆ ಮರಾಠಿಯಲ್ಲೂ ಕಲಿತು, ಪದವಿಯ ನಂತರ ಪುಣೆಗೆ ಹೋಗಿ ಪತ್ರಿಕೋದ್ಯಮದ ಪದವಿಯನ್ನೂ ಪಡೆದು ಅವರು ಊರಿಗೆ ಮರಳಿದ್ದು ೧೯೮೬ರಲ್ಲಿ. ಆ ಪದವಿಯ ಹೆಸರನ್ನು ಮನೆಯವರಿಗೆ ತಿಳಿಸಿ ಹೇಳಲು ಅವರಿಗೆ ಒಂದು ವಾರ ಹಿಡಿಯಿತಂತೆ. ಕೊನೆಗೆ ಅವರ ತಂದೆಯವರು, "ಸುದ್ದಿ ಬರಿಲಿಕ್ಕ ಡಿಗ್ರಿ ಯಾಕ ಬೇಕೋ? ಊರ ಕಟ್ಟಿ ಮ್ಯಾಲ ಸುದ್ದಿ ಪುಕ್ಕಟ ಸಿಗತದ" ಎಂದು ಮಾತು ಮುಗಿಸಿದರು. ಸರ್ ಪ್ರತಿ ವರ್ಷ ಹೊಸ ತರಗತಿಯ ಮೊದಲ ದಿನ ಈ ಮಾತಿನಿಂದಲೇ ಪಾಠ ಆರಂಭಿಸುತ್ತಿದ್ದರು. ಕಟ್ಟೆಯ ಮೇಲಿನ ಸುದ್ದಿಗೂ ಪತ್ರಿಕೆಯ ಸುದ್ದಿಗೂ ಇರುವ ವ್ಯತ್ಯಾಸವನ್ನು ತಂದೆಗೆ ವಿವರಿಸಲಾಗದವನು ಈ ಕೆಲಸಕ್ಕೆ ಬರಬಾರದು ಎಂದೂ, ತಮಗೆ ಆ ವ್ಯತ್ಯಾಸ ತಿಳಿಯಲು ಐದು ವರ್ಷ ಬೇಕಾಯಿತು ಎಂದೂ ಸೇರಿಸುತ್ತಿದ್ದರು.

ಮೊದಲ ನೌಕರಿ ಸೋಲಾಪುರದ ಒಂದು ಮರಾಠಿ ದೈನಿಕದ ಅಕ್ಕಲಕೋಟ ವರದಿಗಾರನ ಹುದ್ದೆ. ಬರೆದ ಬಾತ್ಮಿಗಳನ್ನು ಪಾಕೀಟಿನಲ್ಲಿ ಹಾಕಿ, ಮಧ್ಯಾಹ್ನದ ಎಸ್.ಟಿ. ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟು, ಸೋಲಾಪುರದ ನಿಲ್ದಾಣದಲ್ಲಿ ಕಚೇರಿಯ ಸಿಪಾಯಿ ಅದನ್ನು ಇಳಿಸಿಕೊಳ್ಳುವ ಕಾಲವದು. ಬಸ್ ತಪ್ಪಿದರೆ ಸುದ್ದಿ ತಪ್ಪಿತು. ಆರು ತಿಂಗಳು ಅವರು ನಿಧನ ವಾರ್ತೆಗಳನ್ನು ಬಿಟ್ಟು ಬೇರೇನನ್ನೂ ಬರೆಯಲಿಲ್ಲ. ನಮ್ಮಲ್ಲಿ ಕೆಲವರು ಹೊಸ ಕೆಲಸದಲ್ಲಿ ಮೂರನೆಯ ದಿನವೇ ಮುಖಪುಟ ಬೇಕೆಂದು ಮುಖ ಊದಿಸಿಕೊಂಡಾಗ ಸರ್ ಈ ಆರು ತಿಂಗಳನ್ನು ನೆನಪಿಸುತ್ತಿದ್ದರು. ಸತ್ತವರ ಹೆಸರು ಸರಿಯಾಗಿ ಬರೆಯಲು ಬಂದರೆ ಬದುಕಿದವರ ಹೆಸರು ತಾನಾಗಿ ಬರುತ್ತದೆ ಎಂಬುದು ಅವರ ಲೆಕ್ಕ.

೧೯೮೯ರಲ್ಲಿ ಅವರನ್ನು ಸೋಲಾಪುರದ ಮುಖ್ಯ ಕಚೇರಿಗೆ ಕರೆಸಿ ದಕ್ಷಿಣ ಸೋಲಾಪುರದ ಹಳ್ಳಿಗಳನ್ನು ವಹಿಸಿದರು. ಕನ್ನಡ ಬಲ್ಲ ವರದಿಗಾರ ಎಂಬುದೇ ಅದಕ್ಕೆ ಕಾರಣ. ಹೆಸರೂ ಅಲ್ಲಿಯೇ ಬಂತು, ತಪ್ಪೂ ಅಲ್ಲಿಯೇ ಆಯಿತು. ಆ ತಪ್ಪಿನ ವಿಷಯವನ್ನು ಅಭಿನಂದನ ಗ್ರಂಥದಲ್ಲಿ ಬರೆಯಬೇಕೋ ಬೇಡವೋ ಎಂಬುದರ ಮೇಲೆ ಸಮಿತಿಯಲ್ಲಿ ನಡೆದ ಜಗ್ಗಾಟವನ್ನು ಮುಂದೆ ಹೇಳುತ್ತೇನೆ. ಮೊದಲು ಸರ್ ತರಗತಿಯಲ್ಲಿ ಹೇಳುತ್ತಿದ್ದ ಹಾಗೆಯೇ ಅದನ್ನು ಇಡುತ್ತೇನೆ.

೧೯೯೧ರಲ್ಲಿ ಭಂಡಾರಕವಠೆಯ ಒಬ್ಬ ರೈತರು ಕಚೇರಿಗೆ ಬಂದು, ತಮ್ಮ ತಂಗಿ ತಂದೆಯ ಹೊಲದಲ್ಲಿನ ತನ್ನ ಪಾಲನ್ನು ಅಣ್ಣನಾದ ತಮಗೆ ಬಿಟ್ಟುಕೊಡುತ್ತಿದ್ದಾಳೆ, ಬದಲಿಗೆ ಒಂದು ಸೀರೆಯನ್ನೂ ಬೇಡವೆಂದಿದ್ದಾಳೆ ಎಂದು ಹೇಳಿದರು. ತಂಗಿಯರು ಹಕ್ಕಸೋಡ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ತವರಿನ ಪಾಲು ಬಿಡುವುದು, ಅಣ್ಣತಮ್ಮಂದಿರು ಸೀರೆ ಬಳೆ ಕೊಟ್ಟು ಕಳಿಸುವುದು ನಮ್ಮ ಕಡೆ ಇಂದಿಗೂ ಇರುವ ರೂಢಿ. ಸೀರೆಯೂ ಬೇಡವೆಂದ ತಂಗಿ ಎಂದರೆ ಸುದ್ದಿಯೇ. ಇಪ್ಪತ್ತೇಳರ ಹತ್ತೂರೆಯವರು ಮರುದಿನವೇ ಬಸ್ ಹತ್ತಿದರು. ಹೊಲದ ಬದುವಿನ ಮೇಲೆ ಅಣ್ಣ ಮಾತಾಡಿದರು. ಪಕ್ಕದಲ್ಲಿ ನಿಂತ ತಂಗಿ ನೀಲಾಬಾಯಿ ಮಾತಾಡಲಿಲ್ಲ, ತಲೆಯಾಡಿಸಿದರು. ಅಣ್ಣನ ಎದುರು ಹೆಣ್ಣುಮಗಳು ಸುಮ್ಮನಿರುವುದು ಸಂಕೋಚ ಎಂದು ನಮ್ಮ ಸರ್ ತಿಳಿದರು. "ಆದರ್ಶ ಭಗಿನಿ" ಎಂಬ ಶೀರ್ಷಿಕೆಯಲ್ಲಿ, ಫೋಟೋ ಸಹಿತ, ಸ್ವಂತ ಖುಷಿಯಿಂದ ಪಾಲು ತ್ಯಜಿಸಿದ ತಂಗಿಯ ಮೇಲೆ ಅರ್ಧ ಪುಟದ ಲೇಖನ ಬಂತು. ಓದುಗರ ಮೆಚ್ಚುಗೆಯ ಪತ್ರಗಳೂ ಬಂದವು.

ಎರಡು ತಿಂಗಳ ನಂತರ ನೀಲಾಬಾಯಿ ಒಬ್ಬರೇ ಸೋಲಾಪುರದ ಕಚೇರಿಗೆ ಬಂದರು. ಅವರಿಗೆ ಮರಾಠಿ ಓದಲು ಬಾರದು. ಯಾವುದನ್ನೂ ಓದಲು ಬಾರದು. ಸೆರಗಿನಲ್ಲಿ ಮಡಚಿ ತಂದಿದ್ದ ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಅವರು ಹೇಳಿದ್ದು ಇಷ್ಟು:

"ಇದರಾಗ ನಾ ಏನ ಅಂದೀನಿ ಅಂತ ಬರದೀರಿ, ಒಮ್ಮೆ ಓದಿ ಹೇಳ್ರಿ."

ಹತ್ತೂರೆಯವರು ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದಿದರು. "ಸ್ವಂತ ಖುಷಿಯಿಂದ" ಎಂಬಲ್ಲಿಗೆ ಬಂದಾಗ ನೀಲಾಬಾಯಿ ತಡೆದರು.

"ಇದನ್ನ ನಾ ಅಂದಿಲ್ಲಲ್ರೀ."

"ಇಲ್ಲ ಅವ್ವಾ. ನೀವು ಅಂದಿಲ್ಲ."

"ಮತ್ತ ಯಾರ ಅಂದ್ರು?"

"ನಿಮ್ಮ ಅಣ್ಣಾ."

ಲೇಖನ ಅಚ್ಚಾದ ದಿನ ನೀಲಾಬಾಯಿ ಇನ್ನೂ ಕಾಗದಕ್ಕೆ ಹೆಬ್ಬೆಟ್ಟು ಒತ್ತಿರಲಿಲ್ಲ. ಕೊಡಬೇಕೋ ಬೇಡವೋ ಎಂದು ತೂಗಿ ನೋಡುತ್ತಿದ್ದರು. ಬೇಡ ಎನ್ನುವ ಕಡೆಗೇ ಮನಸ್ಸು ವಾಲಿತ್ತು. ಪತ್ರಿಕೆ ಬಂದ ಮೇಲೆ ತವರೂರಿನವರೂ, ಗಂಡನ ಊರಾದ ಮರವಡೆಯವರೂ ಬಂದು ಬಂದು ಹೊಗಳಿ ಹೋದರು. ಹೊಗಳಿಸಿಕೊಂಡವಳು ಒಲ್ಲೆ ಎನ್ನುವುದು ಹೇಗೆ? ನಾಲ್ಕು ಎಕರೆಯ ಪಾಲು ಹೋಯಿತು. "ನನಗ ಮೊದಲ ಓದಿ ತೋರಿಸಿದ್ರ ಆಗs ಹೇಳತಿದ್ನಿ" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದರು.

ಹತ್ತೂರೆಯವರು ತಿದ್ದುಪಡಿ ಹಾಕಬೇಕೆಂದು ಸಂಪಾದಕರನ್ನು ಕೇಳಿದರು. ಬೈದಿದ್ದಕ್ಕೆ ಕ್ಷಮೆ ಕೇಳುವುದುಂಟು, ಹೊಗಳಿದ್ದಕ್ಕೆ ಯಾರಾದರೂ ಕ್ಷಮೆ ಕೇಳುತ್ತಾರೆಯೇ ಎಂದು ಸಂಪಾದಕರು ನಕ್ಕರು. ಮರವಡೆಗೆ ಹೋಗಿ ನೀಲಾಬಾಯಿಯವರನ್ನು ಕೇಳಿದರೆ ಅವರೂ ಒಪ್ಪಲಿಲ್ಲ. ಈಗ ಬರೆದರೆ ಅಣ್ಣನ ಮಾನ ಹೋಗುತ್ತದೆ, ಹೊಲದ ಜೊತೆ ತವರೂ ಹೋಗುತ್ತದೆ ಎಂದರು. ಹೀಗೆ ತಪ್ಪು ತಿದ್ದುಪಡಿಯಿಲ್ಲದೆ ಉಳಿಯಿತು.

ಅಂದಿನಿಂದ ಅವರು ಒಂದು ಪದ್ಧತಿ ಹಿಡಿದರು. ಪತ್ರಿಕೆ ಓದಲು ಬಾರದವರ ಬಗ್ಗೆ ಏನೇ ಬರೆದರೂ, ಅಚ್ಚಿಗೆ ಮೊದಲು ಅವರ ಮನೆಗೆ ಹೋಗಿ, ಅವರೊಬ್ಬರನ್ನೇ ಕೂಡಿಸಿಕೊಂಡು, ಅವರ ಮಾತಿನಲ್ಲಿ ಓದಿ ತೋರಿಸುವುದು. ಅಚ್ಚಾದ ಮರುದಿನ ಮತ್ತೆ ಹೋಗಿ ಅಚ್ಚಾದದ್ದನ್ನೂ ಓದಿ ಹೇಳುವುದು. ಇದರಿಂದ ಅವರ ಸುದ್ದಿಗಳು ಯಾವಾಗಲೂ ಒಂದು ದಿನ ತಡವಾದವು. ಕಚೇರಿಯಲ್ಲಿ "ನಾಳಿನ ಹತ್ತೂರೆ" ಎಂಬ ಅಡ್ಡಹೆಸರು ಬಿತ್ತು. ಬಡ್ತಿಗಳು ಇಂದಿನವರಿಗೆ ಹೋದವು. ೧೯೯೯ರಲ್ಲಿ ಸೋಲಾಪುರದ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ತೆರೆದಾಗ ಅವರು ಅರ್ಜಿ ಹಾಕಿದರು, ಆಯ್ಕೆಯಾದರು. ಒಬ್ಬರಿಗಿದ್ದ ಹುಚ್ಚನ್ನು ನೂರು ಮಂದಿಗೆ ಹಚ್ಚುವ ಅವಕಾಶ ಸಿಕ್ಕಿತು ಎಂದು ಅವರ ಹಳೆಯ ಸಹೋದ್ಯೋಗಿಗಳು ಹೇಳುತ್ತಾರೆ.

ನಾನು ಅವರ ತರಗತಿಗೆ ಸೇರಿದ್ದು ೨೦೧೧ರಲ್ಲಿ. ನಮ್ಮದು ಸೋಲಾಪುರದ ಭುಸಾರ, ಅಂದರೆ ಕಾಳುಕಡಿಯ, ಅಂಗಡಿಯ ಮನೆತನ. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದೆವೇ ಹೊರತು ಕನ್ನಡದ ಒಂದು ಅಕ್ಷರವೂ ನನಗೆ ಬರುತ್ತಿರಲಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಸರ್ ಒಂದನೆಯ ಇಯತ್ತೆಯ ಕನ್ನಡ ಪುಸ್ತಕವನ್ನು ನನ್ನ ಕೈಗಿಟ್ಟು, "ಬಾಯಿಗೆ ಬರೂದು ಕೈಗೆ ಬರಬೇಕು" ಎಂದರು. ಇಪ್ಪತ್ತರ ವಯಸ್ಸಿನಲ್ಲಿ ಅಗಸ, ಆನೆ ಎಂದು ಬರೆಯುವ ನಾಚಿಕೆ ನನಗೆ ಗೊತ್ತು. ಈ ಲೇಖನವನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದು ಆ ನಾಚಿಕೆಯ ಫಲ.

ಎರಡನೆಯ ವರ್ಷ ನನ್ನ ತಂದೆ ಕಾಮಣ್ಣನವರು, ಹುಡುಗಿ ಹಳ್ಳಿ ಹಳ್ಳಿ ತಿರುಗುವುದು ಸಾಕೆಂದು ಕಾಲೇಜು ಬಿಡಿಸಲು ಹೊರಟಾಗ ಸರ್ ನಮ್ಮ ಅಂಗಡಿಗೆ ಬಂದರು. ಉಪದೇಶ ಮಾಡಲಿಲ್ಲ. ಎರಡು ಕಿಲೊ ತೊಗರಿಬೇಳೆ ಕಟ್ಟಿಸಿಕೊಂಡು, "ಕಾಮಣ್ಣಾರ, ನಿಮ್ಮ ಮಗಳು ಬರದದ್ದನ್ನ ಒಮ್ಮೆ ಓದಿ ನೋಡೀರೇನು?" ಎಂದು ಕೇಳಿದರು. ತಂದೆ ಓದಿರಲಿಲ್ಲ. ಗಿರಾಕಿಗಳ ನಡುವೆಯೇ ಸರ್ ನನ್ನ ಒಂದು ವರದಿಯನ್ನು ಪೂರಾ ಓದಿ ಕೇಳಿಸಿ, ಬೇಳೆಯ ಚೀಲ ಎತ್ತಿಕೊಂಡು ಹೋದರು. ಅಂದು ರಾತ್ರಿ ಊಟಕ್ಕೆ ಕುಳಿತಾಗ ತಂದೆ, "ಆ ಮಾರ್ಕೆಟ್ ಯಾರ್ಡಿನ ಬಾತ್ಮಿ ಖರೇ ಅದ, ಖರೇ ಬರದಿ" ಎಂದರು. ಕಾಲೇಜು ಬಿಡಿಸುವ ಮಾತು ಮತ್ತೆ ಬರಲಿಲ್ಲ. ನನಗೆ ಆ ದಿನದ ಋಣ ಇಂದಿಗೂ ಇದೆ, ಅದನ್ನು ಇಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ.

ಅವರ ಪದ್ಧತಿಯ ಬಗ್ಗೆ ನನಗೆ ಸಿಟ್ಟು ಬಂದದ್ದೂ ಉಂಟು. ಕಡಕ್ ಭಾಕ್ರಿ, ಅಂದರೆ ಒಣ ರೊಟ್ಟಿ, ಮಾಡಿ ಮಾರುವ ಒಬ್ಬ ಹೆಣ್ಣುಮಗಳ ಮೇಲೆ ನಾನು ಬರೆದ ವರದಿಯಲ್ಲಿ ಆಕೆ ತನ್ನ ಸಂಸಾರದ ಬಗ್ಗೆ ಆಡಿದ ಒಂದು ಮಾತಿತ್ತು. ಅಂಥ ಸಾಲು ವರದಿಗಾರರಿಗೆ ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ. ಓದಿ ತೋರಿಸಿದಾಗ ಆಕೆ, "ಅದೊಂದ ತಗದ ಬಿಡ್ರಿ" ಎಂದರು. ನಾನು ಅಳುಮೋರೆ ಮಾಡಿಕೊಂಡು ಸರ್ ಹತ್ತಿರ ವಾದಕ್ಕೆ ನಿಂತೆ. "ಆ ಮಾತು ಅಕಿದು, ನಿಂದಲ್ಲ. ಅಕಿ ಕೊಟ್ಟಿದ್ದಳು, ತಿರುಗಿ ತಗೊಂಡಳು" ಎಂದು ಅವರು ಚಹಾ ತರಿಸಿದರು. ಆ ಸಾಲು ಯಾವುದೆಂದು ಇಲ್ಲಿಯೂ ಬರೆಯುವಂತಿಲ್ಲ, ಬರೆಯುವುದಿಲ್ಲ. ಬರೆದಿದ್ದರೆ ಈ ಲೇಖನ ಇನ್ನಷ್ಟು ಚೆನ್ನಾಗಿರುತ್ತಿತ್ತು ಎಂಬ ಹೊಟ್ಟೆಯುರಿ ಮಾತ್ರ ಇದೆ.

ಹಾಗೆಂದು ಸರ್ ಎಲ್ಲರಿಗೂ ಓದಿ ತೋರಿಸಿ ಎಂದವರಲ್ಲ. ಒಬ್ಬ ವಿದ್ಯಾರ್ಥಿ, ನಿತಿನ ಎಂದು ಹೆಸರು, ಒಬ್ಬ ಪುಢಾರಿಯ ಭ್ರಷ್ಟಾಚಾರದ ವರದಿಯನ್ನು ಆ ಪುಢಾರಿಗೇ ಓದಿ ತೋರಿಸಿ, ಪೆಟ್ಟು ತಿನ್ನದೆ ಬಂದದ್ದೇ ಪುಣ್ಯ. "ಕೈಯಾಗ ಮೈಕ್ ಇದ್ದವರಿಗೆ ಪ್ರಶ್ನಾ ಕೇಳು, ಓದಿ ತೋರಸಬ್ಯಾಡ. ಪೇಪರ ಓದಾಕ ಬಾರದವರಿಗೆ ಓದಿ ತೋರಸು" ಎಂದು ಸರ್ ಅವನಿಗೆ ತಿಳಿಸಿ ಹೇಳಿದರು. ಈ ಪದ್ಧತಿ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ಕೆಲಸ ಮಾಡುತ್ತಲೇ ತಿಳಿಯಬೇಕು.

ಈ ಗ್ರಂಥವನ್ನು ಓದಲಿರುವ ವಿದ್ಯಾರ್ಥಿಗಳಿಗಾಗಿ ಅವರ ಇತರ ಬುದ್ಧಿಮಾತುಗಳಲ್ಲಿ ನೆನಪಿದ್ದಷ್ಟನ್ನು ಬರೆಯುತ್ತೇನೆ. ಮೊದಲ ನೌಕರಿಯಲ್ಲಿ ಕರಡು ತಿದ್ದುವ ಕೆಲಸ ಕೊಟ್ಟರೆ ಬೇಡವೆನ್ನಬೇಡಿ, ಮುಂದೆ ಯಾರೂ ಅದನ್ನು ಕಲಿಸುವುದಿಲ್ಲ. ಜಗಳದ ಸುದ್ದಿಗೆ ಹೋದರೆ ಎರಡೂ ಮನೆಯ ಚಹಾ ಕುಡಿಯಿರಿ, ಇಲ್ಲವೇ ಎರಡೂ ಮನೆಯಲ್ಲಿ ಒಲ್ಲೆನ್ನಿ. ಎಸ್.ಟಿ. ವೇಳಾಪಟ್ಟಿ ಬಾಯಿಪಾಠವಿರಲಿ, ಮೋಟಾರ್ ಸೈಕಲ್ ಕೆಡುತ್ತದೆ. ಕುಟುಂಬದ ವಿಷಯ ಬರೆಯುವಾಗ, ಮಾತಾಡದೆ ನಿಂತವರು ಯಾರು ಎಂದು ನೋಡಿ. ಸುದ್ದಿ ಸಾಮಾನ್ಯವಾಗಿ ಅವರ ಹತ್ತಿರ ಇರುತ್ತದೆ. ಈ ಕೊನೆಯದನ್ನು ಹೇಳುವಾಗ ಅವರ ದನಿ ಸ್ವಲ್ಪ ತಗ್ಗುತ್ತಿತ್ತು, ಅದರ ಹಿಂದೆಯೇ ನೀಲಾಬಾಯಿಯವರ ಕಥೆ ಬರುತ್ತಿತ್ತು.

ಈಗ ಸಮಿತಿಯ ಜಗ್ಗಾಟ. ಗ್ರಂಥ ಸಮಿತಿಯ ಅಧ್ಯಕ್ಷರೂ ಇಂದಿನ ವಿಭಾಗ ಮುಖ್ಯಸ್ಥರೂ ಆದ ಪ್ರಾ. ಯೋಗಿರಾಜ ಅವರು ನನ್ನ ಮೊದಲ ಕರಡನ್ನು ಓದಿ, ಶುಭ ಸಮಾರಂಭದ ಪುಸ್ತಕದಲ್ಲಿ ಈ ಹೊಲದ ಕಥೆ ಯಾಕೆ, ತೆಗೆದುಬಿಡಿ ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಆರತಿ ತಟ್ಟೆಯಲ್ಲಿ ಯಾರೂ ಮೆಣಸಿನಕಾಯಿ ಇಡುವುದಿಲ್ಲ. ವಿಷಯ ಹತ್ತೂರೆ ಸರ್ ಕಿವಿಗೆ ಬಿತ್ತು. "ಛೊಲೋದೆಲ್ಲಾ ಹಾಕಿ ಇದನ್ನೊಂದ ಬಿಟ್ರ, ನಿಮ್ಮ ಗ್ರಂಥನೂ 'ಆದರ್ಶ ಭಗಿನಿ' ಆಗತದ. ಹಂಗಾದ್ರ ಪೂರಾ ಗ್ರಂಥನs ಬ್ಯಾಡ" ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಯೋಗಿರಾಜ ಸರ್ ಒಪ್ಪಿದರು. ಆದರೆ ಹತ್ತೂರೆ ಸರ್ ಮಾತು ಮುಗಿದಿರಲಿಲ್ಲ. ಪದ್ಧತಿಯ ಪ್ರಕಾರ ಇದನ್ನು ಮೊದಲು ನೀಲಾಬಾಯಿಯವರಿಗೆ ಓದಿ ತೋರಿಸಬೇಕು, ಅವರು ಬೇಡವೆಂದರೆ ಲೇಖನವಿಲ್ಲ, ಲೇಖನವಿಲ್ಲದೆ ಗ್ರಂಥವಿಲ್ಲ. ಇನ್ನೂರು ಪುಟಗಳ ಪುಸ್ತಕ ಮರವಡೆಯ ಒಬ್ಬ ಅಜ್ಜಿಯ ಹೂಂ ಎನ್ನುವಿಕೆಗೆ ಕಾಯತೊಡಗಿತು.

ಏಪ್ರಿಲ್ ಎರಡನೆಯ ವಾರ ನಾನು ಮಂಗಳವೇಢೆಯಲ್ಲಿ ಬಸ್ ಬದಲಿಸಿ ಮರವಡೆಗೆ ಹೋದೆ. ನೀಲಾಬಾಯಿಯವರಿಗೆ ಈಗ ಎಪ್ಪತ್ತೈದರ ಮೇಲೆ ವಯಸ್ಸು. ಮಗ ಕೈಲಾಸ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ಬಂದ ಕಾರಣ ಹೇಳಿದೆ. ಅವರು ಮೊರ ಬದಿಗಿಟ್ಟು ಮಗನನ್ನು ನೋಡಿ, "ಕೈಲಾಸಾ, ನೀ ಹೊರಗ ಹೋಗು. ಇದು ನನಗೊಬ್ಬಾಕಿಗೆ ಓದೂದು ಅದ" ಎಂದರು. ಪದ್ಧತಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಈ ಲೇಖನದ ಆ ಭಾಗವನ್ನು ಮೊದಲಿನಿಂದ ಓದಿದೆ. ಎರಡು ಕಡೆ ಸಾಲು ತಪ್ಪಿ ಮತ್ತೆ ಓದಿದೆ. ಹನ್ನೊಂದು ವರ್ಷ ಸುದ್ದಿ ಬರೆದವಳಿಗೆ ಒಬ್ಬ ಅಜ್ಜಿಯ ಎದುರು ಓದುವುದು ಅಷ್ಟು ಕಷ್ಟ. ಕೇಳಿ ಮುಗಿದ ಮೇಲೆ ಅವರು ಮೊದಲು ಕೇಳಿದ್ದು ಇದು:

"ಅಣ್ಣನ ಹೆಸರ ಇಲ್ಲಲ್ಲ?"

"ಇಲ್ರಿ ಅಜ್ಜಿ."

"ಹಾಕಬ್ಯಾಡ. ಅಂವ ಹೋಗಿ ಆರು ವರ್ಷ ಆತು. ಅವರ ಮನ್ಯಾಗ ಆ ಪೇಪರಿಗೆ ಗಾಜಿನ ಚೌಕಟ್ಟ ಹಾಕಿಸಿ ಗ್ವಾಡಿಗೆ ಹಚ್ಚ್ಯಾರ. ಪಂಚಮಿಗೆ ಹೋದಾಗೆಲ್ಲಾ ನನ್ನ ಫೋಟೋ ನನ್ನs ನೋಡತಿತ್ತು."

"ಮತ್ತ ನಿಮ್ಮ ಹೆಸರು? ಬ್ಯಾಡ ಅಂದ್ರ ತಗೀತೀನಿ."

"ಅವಾಗ ಕೇಳದs ಫೋಟೋ ಹಾಕಿದ್ರು. ಈಗ ಕೇಳಿ ಹೆಸರ ಹಾಕಾಕ ಏನ ಧಾಡಿ? ಹಾಕು." ಮೊರವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಅವರು ಮುಂದುವರಿಸಿದರು. "ಆದ್ರ ಒಂದ ತಪ್ಪ ಬರದೀದಿ. ನಾ ಕಣ್ಣ ವರಸಿಕೊಂಡ್ನಿ ಅಂದಿ. ನಾ ಅತ್ತಿಲ್ಲ."

"ಸರ್ ಹಂಗs ಹೇಳತಿದ್ರಿ…"

"ನಾ ಯಾಕ ಅಳಲಿ? ಅಳೂದೆಲ್ಲಾ ಮನ್ಯಾಗ ಮುಗಿಸಿ ಬಸ್ ಹತ್ತಿದ್ನಿ. ಅತ್ತವರು ಅವರು. ಅಷ್ಟ ಮಂದಿ ಮುಂದ, ಮೇಜಿಗೆ ತಲಿ ಹಚ್ಚಿ ಅತ್ತರು. ನಾನs ನೀರ ತಂದ ಕೊಟ್ನಿ."

ಇಪ್ಪತ್ತೈದು ವರ್ಷ, ಇಪ್ಪತ್ತೈದು ತರಗತಿಗಳಿಗೆ, ಸರ್ ಹೇಳಿದ ಕಥೆಯಲ್ಲಿ ಕಣ್ಣೀರು ತಪ್ಪು ಕಣ್ಣಿನಲ್ಲಿತ್ತು.

ಮರುದಿನ ಸೋಲಾಪುರದ ಅಕ್ಕಲಕೋಟ ರಸ್ತೆಯಲ್ಲಿರುವ ಸರ್ ಮನೆಗೆ ಹೋಗಿ ಇದಿಷ್ಟನ್ನೂ ಓದಿ ತೋರಿಸಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಅದನ್ನೇ ಒರೆಸಿದರು. ಒಳಗಿನಿಂದ ಅವರ ಪತ್ನಿ ಸುವರ್ಣಾ ಅವರು, "ಆ ಅಜ್ಜಿ ಹೇಳಿದ್ದ ಖರೇ ಅದ. ಅವತ್ತ ಮನಿಗೆ ಬಂದು ಇವರು ಊಟಾ ಮಾಡಿದ್ದಿಲ್ಲ" ಎಂದರು. ನಾನು ಶಿಷ್ಯೆಯಾಗಿ ಅಲ್ಲ, ವರದಿಗಾರ್ತಿಯಾಗಿ ಕೇಳಿದೆ: ಇದು ಮರೆವೋ, ಸುಳ್ಳೋ?

"ಮೊದಲ ನಾಚಿಕಿ ಇತ್ತು, ಆಮ್ಯಾಲ ರೂಢಿ ಆತು" ಎಂದರು ಸರ್. "ಅಕಿ ಅನ್ನದ ಮಾತು ಒಮ್ಮೆ ಬರದೆ. ಅಕಿ ಅಳದ ಅಳು ಇಪ್ಪತ್ತೈದ ವರ್ಷ ಹೇಳಿದೆ. ತಿದ್ದು ರೂಪಾಲಿ."

ಮೇಲೆ ಆ ಸಾಲನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದೇನೆ, ತಿದ್ದುಪಡಿಯನ್ನು ಇಲ್ಲಿ ಕೊಟ್ಟಿದ್ದೇನೆ. ಅವರಿಂದ ಕಲಿತ ಎಲ್ಲ ವಿದ್ಯಾರ್ಥಿಗಳೂ ತಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ತಿದ್ದಿಕೊಳ್ಳಬೇಕಾಗಿ ವಿನಂತಿ.

ನೂರು ವರ್ಷ ಬಾಳಲಿ ಎಂದು ಹಾರೈಸುವುದು ಇಂಥ ಲೇಖನಗಳ ವಾಡಿಕೆ. ಹುಟ್ಟಿದ ದಿನವೇ ಖಾತ್ರಿಯಿಲ್ಲದ ನಮ್ಮ ಗುರುಗಳಿಗೆ ನೂರು ಯಾವಾಗ ತುಂಬುತ್ತದೆಂದು ಹೇಳಲಾಗದು. ಆದ್ದರಿಂದ ಎರಡು ಮೂರು ವರ್ಷ ಹೆಚ್ಚೇ ಬಾಳಲಿ, ಕಣ್ಣು ಕಾಲು ಗಟ್ಟಿಯಾಗಿರಲಿ. ಕೆಲಸ ಮುಗಿಯಿತೆಂದು ಅವರು ತಿಳಿಯುವಂತಿಲ್ಲ. ನಾನು ಹೊರಡುವಾಗ ನೀಲಾಬಾಯಿ ಬಾಗಿಲವರೆಗೆ ಬಂದು ಒಂದು ಷರತ್ತು ಹಾಕಿದ್ದಾರೆ: "ಪುಸ್ತಕ ಬಂದ ಮರುದಿನ ಯಾರ್ಯಾರನೋ ಕಳಸಬ್ಯಾಡ. ಅವರs ಬಂದು ಓದ್ಲಿ."

ಸರ್ ಒಪ್ಪಿದ್ದಾರೆ. ಬಿಡುಗಡೆಯ ಮರುದಿನದ ಬೆಳಗಿನ ಬಸ್ಸಿಗೆ ನಾನೂ ಹೋಗುತ್ತಿದ್ದೇನೆ. "ಅತ್ತವರು ಅವರು" ಎಂಬ ಸಾಲನ್ನು ಅವರು ತಮ್ಮ ಬಾಯಿಯಿಂದಲೇ, ನೀಲಾಬಾಯಿಯವರ ಎದುರು ಕುಳಿತು ಓದಬೇಕು. ಬೇಕಾದರೆ ಈ ಸಲ ನೀರು ನಾನು ತಂದುಕೊಡುತ್ತೇನೆ.